ತಲೆಬಿಸಿಗೆ ಮೊಬೈಲ್ ಪಾಠ: ಎಷ್ಟು ಉಪಯೋಗ, ಎಲ್ಲಿ ನಿಲ್ಲಿಸಬೇಕು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿ, ಯಲ್ಲಾಪುರದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿ-ಧಾರವಾಡ. ಹೊನ್ನಾವರ, ಭಟ್ಕಳದವರಿಗೆ ಮಣಿಪಾಲ ಇಲ್ಲವೇ ಮಂಗಳೂರು. ಕಾರವಾರದವರಿಗೆ ಗೋವಾ ಹತ್ತಿರ. ಎದೆನೋವು ಬಂದರೆ, ಅಪಘಾತವಾದರೆ ಹೇಗೋ ಗಾಡಿ ಮಾಡಿಕೊಂಡು ಓಡುತ್ತೇವೆ. ಆದರೆ ಎರಡು ತಿಂಗಳಿಂದ ನೆಟ್ಟಗೆ ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರುತ್ತದೆ ಎಂಬ ಕಾರಣಕ್ಕೆ ಒಂದು ದಿನದ ಕೆಲಸ ಬಿಟ್ಟು ಬಸ್ ಹತ್ತುವವರು ಎಷ್ಟು ಮಂದಿ? ಅಂಥದ್ದಕ್ಕೆಲ್ಲ ‘ತಲೆಬಿಸಿ ಮಾಡಿಕೊಳ್ಳಬೇಡ’ ಎನ್ನುವುದೇ ನಮ್ಮ ಕಡೆಯ ಔಷಧ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕಂಡುಕೊಂಡದ್ದೂ ಇದನ್ನೇ: ಮಾನಸಿಕ ತೊಂದರೆ ಇದ್ದವರಲ್ಲಿ, ಕಾಯಿಲೆಯ ಬಗೆಗೆ ತಕ್ಕಂತೆ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಈ ತೆರಪಿನಲ್ಲಿ ಈಗ ಮೊಬೈಲ್ ಬಂದು ಕುಳಿತಿದೆ. ಒತ್ತಡ ನಿಭಾಯಿಸುವ, ಸಿಟ್ಟು ಆತಂಕಗಳನ್ನು ಹತೋಟಿಯಲ್ಲಿಡುವ ಪಾಠಗಳನ್ನು ಮನೆಯಲ್ಲೇ ಕಲಿಯಬಹುದು ಎಂಬ ಜಾಹೀರಾತುಗಳು ದಿನಕ್ಕೊಂದು ಕಣ್ಣಿಗೆ ಬೀಳುತ್ತವೆ. ಇವುಗಳಲ್ಲಿ ಕೆಲವು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಹೇಗೆ ಎಂದು ಗೊತ್ತಿದ್ದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಅರ್ಧ ತಿಳಿದಂತೆ.

ಮೊದಲು ಗೊಂದಲ ಬಿಡಿಸಿಕೊಳ್ಳೋಣ. ಹುರಿದುಂಬಿಸುವ ಭಾಷಣದ ವಿಡಿಯೊ, ನಿದ್ದೆ ಬರಿಸುವ ಸಂಗೀತ, ವಿಡಿಯೊ ಕರೆಯಲ್ಲಿ ಆಪ್ತಸಮಾಲೋಚಕರ ಜೊತೆ ಮಾತು, ಇವು ಯಾವುವೂ ಇಲ್ಲಿ ಹೇಳುತ್ತಿರುವ ವಸ್ತುವಲ್ಲ. ಸ್ವಯಂ ಸಹಾಯ ಕಾರ್ಯಕ್ರಮ ಎಂದರೆ ಒಂದು ಕೋರ್ಸ್. ಸಾಮಾನ್ಯವಾಗಿ ಐದರಿಂದ ಎಂಟು ಪಾಠಗಳು, ವಾರಕ್ಕೊಂದರಂತೆ. ಪ್ರತಿ ಪಾಠದಲ್ಲೂ ಒಂದು ವಿವರಣೆ, ಒಂದು ಅಭ್ಯಾಸ, ತುಂಬಿಸಬೇಕಾದ ಒಂದು ಹಾಳೆ. ಆರಂಭದಲ್ಲಿ ಒಂದು ಪ್ರಶ್ನಾವಳಿ, ಕೊನೆಯಲ್ಲಿ ಅದೇ ಪ್ರಶ್ನಾವಳಿ. ನಡುವೆ ಏನಾದರೂ ಬದಲಾಯಿತೇ ಎಂದು ನೋಡಲು. ಬಹುಪಾಲು ಕೋರ್ಸ್‌ಗಳ ಬೇರು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಗುರುತಿಸಿ ಬದಲಿಸುವ ಚಿಕಿತ್ಸಾ ಪದ್ಧತಿಯಲ್ಲಿದೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆ್ಯರನ್ ಬೆಕ್ ರೂಪಿಸಿದ ಪದ್ಧತಿ ಅದು. ಅದರ ಪಾಠಗಳಿಗೆ ಒಂದು ಕ್ರಮ ಇದ್ದುದರಿಂದಲೇ ಕಂಪ್ಯೂಟರಿಗೆ ಇಳಿಸುವುದು ಸುಲಭವಾಯಿತು. 2001ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ‘ಮೂಡ್‌ಜಿಮ್’ ಎಂಬ ಕೋರ್ಸನ್ನು ಅಂತರ್ಜಾಲದಲ್ಲಿ ತೆರೆದಿಟ್ಟರು. 2006ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಯಾವ ಚಿಕಿತ್ಸೆ ಯೋಗ್ಯ ಎಂದು ಹೇಳುವ ಸಂಸ್ಥೆ, ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆಗೆ ಇಂಥದ್ದೊಂದು ಕೋರ್ಸನ್ನು ಶಿಫಾರಸು ಮಾಡಿತು. ಅಂದರೆ ಇದು ನಿನ್ನೆ ಮೊನ್ನೆಯ ಆ್ಯಪ್ ಹುಚ್ಚಲ್ಲ.

ಒತ್ತಡ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಡೆಯಬಹುದು

ಅಪಾಯ ಎಂದು ಮಿದುಳಿಗೆ ಅನ್ನಿಸಿದ ಕ್ಷಣದಲ್ಲಿ ಅಡ್ರಿನಲಿನ್ ಹರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಉಸಿರು ಚಿಕ್ಕದಾಗುತ್ತದೆ. ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ಕೆಲವು ನಿಮಿಷ ತಡವಾಗಿ ಬಂದು, ಹೆಚ್ಚು ಹೊತ್ತು ಉಳಿಯುತ್ತದೆ. ಕಾಲಬುಡದಲ್ಲಿ ಹಾವು ಕಂಡಾಗ ಇದು ಜೀವ ಉಳಿಸುವ ವ್ಯವಸ್ಥೆ. ಹಾವು ಹೋದ ಮೇಲೆ ದೇಹ ತಾನಾಗಿ ತಣ್ಣಗಾಗುತ್ತದೆ. ಬ್ಯಾಂಕಿನ ನೋಟಿಸು ಹಾಗಲ್ಲ, ಅದು ಕಪಾಟಿನಲ್ಲೇ ಇರುತ್ತದೆ. ರಾತ್ರಿ ನೆನಪಾದಾಗಲೆಲ್ಲ ದೇಹ ಮತ್ತೆ ಹಾವು ಕಂಡಂತೆಯೇ ವರ್ತಿಸುತ್ತದೆ.

ಒಂದೇ ಸಂಗತಿ ಇಬ್ಬರನ್ನು ಬೇರೆ ಬೇರೆಯಾಗಿ ಕಾಡುತ್ತದೆ. ಲಜಾರಸ್ ಮತ್ತು ಫೋಕ್‌ಮನ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಇದಕ್ಕೆ ಕೊಟ್ಟ ವಿವರಣೆ ಇಂದಿಗೂ ಈ ಕೋರ್ಸ್‌ಗಳ ಅಡಿಪಾಯ. ಮನಸ್ಸು ಎರಡು ಲೆಕ್ಕ ಹಾಕುತ್ತದೆ: ಇದರಿಂದ ನನಗೆಷ್ಟು ಹಾನಿ, ಇದನ್ನು ಎದುರಿಸಲು ನನ್ನ ಬಳಿ ಏನಿದೆ. ಹಾನಿಯ ಲೆಕ್ಕ ದೊಡ್ಡದಾಗಿ, ಕೈಯಲ್ಲಿರುವುದು ಸಣ್ಣದಾಗಿ ಕಂಡಾಗ ಒತ್ತಡ.

ಭಾವನೆಗಳ ವಿಷಯದಲ್ಲಿ ಇದನ್ನು ಇನ್ನೂ ಬಿಡಿಸಿ ಹೇಳಿದವರು ಸ್ಟ್ಯಾನ್‌ಫರ್ಡಿನ ಜೇಮ್ಸ್ ಗ್ರಾಸ್. ಭಾವನೆ ಸಿಡಿಲಿನಂತೆ ಒಮ್ಮೆಲೇ ಎರಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ಐದು ಕಡೆ ಅದಕ್ಕೆ ಕೈ ಹಾಕಬಹುದು ಎಂದು ಅವರು 1998ರಲ್ಲಿ ಬರೆದರು. ಶಿರಸಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರರನ್ನು ಊಹಿಸಿಕೊಳ್ಳೋಣ. ಜುಲೈ ತಿಂಗಳು, ಮಳೆ ಹೊಳವು ಕೊಡುತ್ತಿಲ್ಲ. ಕೊಳೆರೋಗ ತಡೆಯಲು ಎರಡನೆಯ ಬಾರಿ ಬೋರ್ಡೋ ದ್ರಾವಣ ಹೊಡೆಯಬೇಕಾದ ದಿನ ದಾಟಿದೆ. ಮೈಲುತುತ್ತ, ಸುಣ್ಣ ತಂದಿಟ್ಟಾಗಿದೆ. ಮರ ಹತ್ತಿ ಔಷಧ ಹೊಡೆಯುವ ಕೊನೆಗೌಡ ಬರುತ್ತೇನೆಂದವನು ಬಂದಿಲ್ಲ. ಮರದ ಬುಡದಲ್ಲಿ ಕೊಳೆ ಹಿಡಿದ ಕಾಯಿ ಉದುರಿದ್ದು ಕಾಣಿಸಿದೆ.

ಮೊದಲ ಮೆಟ್ಟಿಲು, ಯಾವ ಸನ್ನಿವೇಶಕ್ಕೆ ಹೋಗಬೇಕು ಎಂಬ ಆಯ್ಕೆ. ಬೆಳಗಾದರೆ ಯಾರ ತೋಟ ಎಷ್ಟು ಕೊಳೆಯಿತು ಎಂಬುದೇ ಮಾತಾಗಿರುವ ಅಂಗಡಿಕಟ್ಟೆಗೆ ನಾಲ್ಕು ದಿನ ಹೋಗದಿರುವುದು. ಎರಡನೆಯದು, ಸನ್ನಿವೇಶವನ್ನೇ ಬದಲಿಸುವುದು: ಇನ್ನೊಬ್ಬ ಕೊನೆಗೌಡನಿಗೆ ಹೇಳಿಡುವುದು, ಮುಂದಿನ ವರ್ಷ ಕೆಲವು ಮರಗಳಿಗಾದರೂ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿಸುವ ಯೋಚನೆ ಮಾಡುವುದು. ಮೂರನೆಯದು ಗಮನ. ಅರ್ಧ ಗಂಟೆಗೊಮ್ಮೆ ಮೊಬೈಲಿನಲ್ಲಿ ಮಳೆಯ ಮುನ್ಸೂಚನೆ ನೋಡಿದರೆ ಮಳೆ ಕಡಿಮೆಯಾಗುವುದಿಲ್ಲ, ಹೆದರಿಕೆ ಮಾತ್ರ ತಾಜಾ ಆಗುತ್ತದೆ. ನಾಲ್ಕನೆಯದು ಅರ್ಥ: ‘ಈ ವರ್ಷದ ಬೆಳೆಯೆಲ್ಲ ಹೋಯಿತು’ ಎಂಬ ತೀರ್ಮಾನದ ಜಾಗದಲ್ಲಿ ‘ಕೆಳಗಿನ ತೋಟಕ್ಕೆ ಕೊಳೆ ಬಂದಿದೆ, ಮೇಲಿನದು ಇನ್ನೂ ಉಳಿದಿದೆ’ ಎಂಬ ನಿಖರವಾದ ಮಾತು. ಐದನೆಯದು, ಭಾವನೆ ಪೂರ್ತಿ ಎದ್ದು ನಿಂತ ಮೇಲೆ ಅದರ ಹೊರರೂಪವನ್ನು ಹಿಡಿಯುವುದು. ಹಲ್ಲು ಕಚ್ಚಿ ಸುಮ್ಮನಿರುವುದು, ಹೆಂಡತಿ ಮಕ್ಕಳ ಮೇಲೆ ಹರಿಹಾಯದಿರುವುದು.

ನಾವು ಮಕ್ಕಳಿಗೆ ಕಲಿಸುವುದು ಹೆಚ್ಚಾಗಿ ಈ ಐದನೆಯದನ್ನೇ. ಗಂಡಸು ಅಳಬಾರದು, ಹೆಂಗಸು ದನಿ ಎತ್ತಬಾರದು, ನಾಲ್ಕು ಜನರೆದುರು ತೋರಿಸಿಕೊಳ್ಳಬಾರದು. ಗ್ರಾಸ್ ಮತ್ತವರ ಸಹೋದ್ಯೋಗಿಗಳು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಜನರಿಗೆ ಅಸಹ್ಯವೆನಿಸುವ ಚಲನಚಿತ್ರದ ತುಣುಕು ತೋರಿಸಿ, ಕೆಲವರಿಗೆ ಮುಖದಲ್ಲಿ ಏನೂ ತೋರಗೊಡಬೇಡಿ ಎಂದು ಹೇಳಿದರು. ಮುಖ ಶಾಂತವಾಗಿತ್ತು. ಆದರೆ ಒಳಗಿನ ಅಸಹ್ಯ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ, ದೇಹದ ಒತ್ತಡದ ಗುರುತುಗಳು ಏರಿದ್ದವು. ಮೊದಲೇ ಬೇರೆ ದೃಷ್ಟಿಯಿಂದ ನೋಡಲು ಹೇಳಿಸಿಕೊಂಡವರಿಗೆ ಅಸಹ್ಯವೇ ಕಡಿಮೆಯಾಗಿತ್ತು. ಒಳ್ಳೆಯ ಕೋರ್ಸ್ ಮಾಡುವುದು ಇಷ್ಟೇ: ಐದನೆಯ ಮೆಟ್ಟಿಲಲ್ಲಿ ಹೆಣಗುತ್ತಿರುವವರನ್ನು ಮೊದಲ ನಾಲ್ಕರ ಕಡೆಗೆ ಇಳಿಸಿಕೊಂಡು ಬರುವುದು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಎಲ್ಲ ಒತ್ತಡವೂ ಮನಸ್ಸಿನ ಲೆಕ್ಕಾಚಾರದ ತಪ್ಪಲ್ಲ. ಸೀಬರ್ಡ್ ನೌಕಾನೆಲೆಗೆ ಭೂಮಿ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದದ್ದು ಕಾರವಾರದವರಿಗೆ ಗೊತ್ತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೂ ಗಂಗಾವಳಿಗೂ ಬಿದ್ದ ಮೇಲೆ, ಜೋರು ಮಳೆ ಬಂದರೆ ಗುಡ್ಡದ ಬುಡದಲ್ಲಿರುವವರಿಗೆ ನಿದ್ದೆ ಬಾರದಿರುವುದು ಕಾಯಿಲೆಯಲ್ಲ, ವಿವೇಕ. ಅಂಥವರ ಕೈಗೆ ಉಸಿರಾಟದ ಆ್ಯಪ್ ಕೊಟ್ಟು ಕೈತೊಳೆದುಕೊಳ್ಳುವುದು ಅವಮಾನ. ಒಳ್ಳೆಯ ಕೋರ್ಸ್‌ಗಳಿಗೆ ಇದು ಗೊತ್ತಿರುತ್ತದೆ. ಅವು ಮೊದಲ ಪಾಠದಲ್ಲೇ ಚಿಂತೆಗಳನ್ನು ಎರಡು ಪಟ್ಟಿಯಾಗಿ ಬರೆಸುತ್ತವೆ: ನಾನೇನಾದರೂ ಮಾಡಬಹುದಾದವು, ನನ್ನ ಕೈಯಲ್ಲಿ ಇಲ್ಲದವು. ಮೊದಲ ಪಟ್ಟಿಗೆ ಅರ್ಜಿ, ಫೋನು, ಓಡಾಟ. ಉಳಿದ ಅಭ್ಯಾಸಗಳೆಲ್ಲ ಎರಡನೆಯ ಪಟ್ಟಿಗೆ. ಈ ವಿಂಗಡಣೆಯೇ ಇಲ್ಲದ, ಎಲ್ಲಕ್ಕೂ ಧನಾತ್ಮಕವಾಗಿ ಯೋಚಿಸಿ ಎನ್ನುವ ಕೋರ್ಸನ್ನು ಅಲ್ಲಿಗೇ ಮುಚ್ಚಬಹುದು.

ಒಂದು ಹಾಳೆ, ಹತ್ತಿರದಿಂದ

ಸಿಬಿಟಿ ಕೋರ್ಸ್‌ಗಳಲ್ಲಿ ಹೆಚ್ಚು ಕೆಲಸಕ್ಕೆ ಬರುವುದು, ಹೆಚ್ಚು ಬೇಸರ ತರುವುದು ಎರಡೂ ‘ಯೋಚನೆಯ ಹಾಳೆ’. ಕುಮಟಾದ ಒಬ್ಬ ತಾಯಿ ಅದನ್ನು ತುಂಬಿಸುತ್ತಿದ್ದಾರೆ ಎಂದುಕೊಳ್ಳಿ. ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹೊರಟಿದ್ದಾನೆ. ಬೆಳಗಿನ ಐದೂವರೆಗೆ ಫೋನ್ ಮಾಡಿದರೆ ‘ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎನ್ನುತ್ತದೆ. ಹೊರಗೆ ಮಳೆ.

ಮೊದಲ ಕಲಂನಲ್ಲಿ ನಡೆದದ್ದನ್ನು ಮಾತ್ರ ಬರೆಯಬೇಕು: ಫೋನ್ ಸಿಗಲಿಲ್ಲ. ಎರಡನೆಯದರಲ್ಲಿ ಮನಸ್ಸಿಗೆ ಬಂದ ಯೋಚನೆ: ಘಾಟಿಯಲ್ಲಿ ಬಸ್ಸಿಗೆ ಏನೋ ಆಗಿದೆ. ಮೂರನೆಯದರಲ್ಲಿ ಭಾವನೆ ಮತ್ತು ಅದಕ್ಕೆ ನೂರಕ್ಕೆ ಎಷ್ಟು ಎಂಬ ಅಂಕ: ಹೆದರಿಕೆ, 90. ನಾಲ್ಕನೆಯದರಲ್ಲಿ ಆ ಯೋಚನೆಗೆ ಇರುವ ಆಧಾರ: ಮಳೆ ಇದೆ, ಹೋದ ವರ್ಷ ಆ ದಾರಿಯಲ್ಲಿ ಮಣ್ಣು ಕುಸಿದಿತ್ತು. ಇದನ್ನು ಅಲ್ಲಗಳೆಯಬಾರದು, ಬರೆಯಬೇಕು. ಐದನೆಯದರಲ್ಲಿ ವಿರುದ್ಧದ ಆಧಾರ: ದೇವಿಮನೆ ಘಾಟಿಯಲ್ಲಿ ಸಿಗ್ನಲ್ ಸಿಗುವುದೇ ಅಪರೂಪ, ಕಳೆದ ಬಾರಿಯೂ ಈ ಹೊತ್ತಿಗೆ ಸಿಕ್ಕಿರಲಿಲ್ಲ, ರಾತ್ರಿ ಹನ್ನೊಂದಕ್ಕೆ ಅವನೇ ಸಂದೇಶ ಕಳಿಸಿದ್ದ. ಆರನೆಯದರಲ್ಲಿ ಎರಡನ್ನೂ ತೂಗಿ ಬರೆದ ಮಾತು: ‘ಈಗ ಘಾಟಿಯಲ್ಲಿ ಇರಬಹುದು. ಏಳು ಗಂಟೆಯವರೆಗೆ ಕಾಯುತ್ತೇನೆ. ಆಮೇಲೆ ಬಸ್ ಕಚೇರಿಗೆ ಫೋನ್ ಮಾಡುತ್ತೇನೆ.’ ಮತ್ತೆ ಅಂಕ: ಹೆದರಿಕೆ, 55.

ತೊಂಬತ್ತು ಸೊನ್ನೆಯಾಗಲಿಲ್ಲ ಎಂಬುದನ್ನು ಗಮನಿಸಿ. ‘ಏನೂ ಆಗಿಲ್ಲ, ಎಲ್ಲ ಒಳ್ಳೆಯದೇ ಆಗುತ್ತದೆ’ ಎಂದು ಬರೆದಿದ್ದರೆ ಮನಸ್ಸು ನಂಬುತ್ತಿರಲಿಲ್ಲ. 55ರ ಹೆದರಿಕೆಯಲ್ಲಿ ಅವರು ಎದ್ದು ಚಹಾಕ್ಕೆ ನೀರಿಡಬಲ್ಲರು. ಕೋರ್ಸ್ ಕೊಡುವ ಭರವಸೆ ಅಷ್ಟರದ್ದೇ, ಅಷ್ಟು ಸಾಕು. ಹತ್ತು ಹದಿನೈದು ಹಾಳೆ ತುಂಬಿದ ಮೇಲೆ ಪೆನ್ನಿಲ್ಲದೆಯೂ ಆ ಲೆಕ್ಕ ಮನಸ್ಸಿನಲ್ಲೇ ನಡೆಯತೊಡಗುತ್ತದೆ.

ಬರೆಯುವಾಗ ಭಾವನೆಗೆ ಹೆಸರಿಡುವುದೂ ಒಂದು ಚಿಕಿತ್ಸೆಯೇ. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಕಂಡ ಮುಖದ ಭಾವನೆಯನ್ನು ಶಬ್ದದಲ್ಲಿ ಗುರುತಿಸಿದವರ ಅಮಿಗ್ಡಾಲ, ಅಂದರೆ ಅಪಾಯದ ಗಂಟೆ ಬಾರಿಸುವ ಭಾಗ, ಕಡಿಮೆ ಚುರುಕಾಗಿತ್ತು. ಬಹುಪಾಲು ಕೋರ್ಸ್‌ಗಳು ಇಂಗ್ಲಿಷಿನಲ್ಲಿವೆ. ಹಾಳೆಯನ್ನು ಇಂಗ್ಲಿಷಿನಲ್ಲೇ ತುಂಬಬೇಕೆಂದು ಯಾರೂ ಕಡ್ಡಾಯ ಮಾಡಿಲ್ಲ. ಮನೆಯಲ್ಲಿ ಕೊಂಕಣಿ, ಹವ್ಯಕ, ನವಾಯತಿ, ಯಾವುದರಲ್ಲಿ ಸಿಟ್ಟು ಬರುತ್ತದೋ ಅದರಲ್ಲೇ ಬರೆದರಾಯಿತು.

ಉಸಿರಾಟದ ಪಾಠ ಅನೇಕ ಕೋರ್ಸ್‌ಗಳಲ್ಲಿ ಇರುತ್ತದೆ, ಅದನ್ನು ಮೂಢನಂಬಿಕೆ ಎನ್ನುವವರೂ ಇದ್ದಾರೆ. ಅಲ್ಲ. ಉಸಿರು ಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಒಳಗೆಳೆಯುವಾಗ ಏರುತ್ತದೆ. ನಿಮಿಷಕ್ಕೆ ಆರರ ಆಸುಪಾಸು ಉಸಿರಾಡಿದರೆ ಈ ಏರಿಳಿತ ಹೆಚ್ಚಾಗಿ, ದೇಹವನ್ನು ತಣಿಸುವ ನರವ್ಯವಸ್ಥೆಗೆ ಬಲ ಬರುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ಲೂಸಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಲ್ಯಾಟಿನ್‌ನಲ್ಲಿ ರೋಸರಿ ಪ್ರಾರ್ಥನೆ ಹೇಳಿದವರ ಉಸಿರೂ, ‘ಓಂ ಮಣಿ ಪದ್ಮೇ ಹೂಂ’ ಜಪಿಸಿದವರ ಉಸಿರೂ ತಾನಾಗಿ ನಿಮಿಷಕ್ಕೆ ಆರಕ್ಕೆ ಇಳಿದಿತ್ತು. ಸಂಜೆ ಜಪಸರ ಹಿಡಿಯುವ ಮನೆಗಳಲ್ಲಿ, ಅದು ಯಾವ ಧರ್ಮದ್ದೇ ಇರಲಿ, ಈ ಪಾಠದ ಹಣ ಉಳಿಯಿತು. ಉಸಿರನ್ನು ಗಮನಿಸಿದರೆ ಗಾಬರಿ ಹೆಚ್ಚಾಗುವವರೂ ಇದ್ದಾರೆ. ಅವರು ಪಾದವನ್ನು ನೆಲಕ್ಕೆ ಒತ್ತಿ, ಸುತ್ತ ಕಾಣುವುದನ್ನು, ಕೇಳುವುದನ್ನು ಒಂದೊಂದಾಗಿ ಗುರುತಿಸುವ ಅಭ್ಯಾಸ ಮಾಡಬಹುದು.

ಯಾವ ಅಭ್ಯಾಸವೇ ಆಗಲಿ, ಮನಸ್ಸು ನೆಟ್ಟಗಿರುವ ಹೊತ್ತಿನಲ್ಲಿ ಮಾಡಬೇಕು. ಯಕ್ಷಗಾನದ ಹೆಜ್ಜೆಯನ್ನು ಯಾರೂ ರಂಗಸ್ಥಳಕ್ಕೆ ಹೋದ ಮೇಲೆ ಕಲಿಯುವುದಿಲ್ಲ. ಜನ ಈ ಆ್ಯಪ್‌ಗಳನ್ನು ತೆರೆಯುವುದು ಮಾತ್ರ ಜಗಳವಾದ ರಾತ್ರಿ. ಆಗ ಏನೂ ನಾಟುವುದಿಲ್ಲ, ‘ಇದೆಲ್ಲ ಸುಳ್ಳು’ ಎಂದು ಅಳಿಸಿ ಹಾಕುತ್ತಾರೆ.

ಅರ್ಧಕ್ಕೇ ಬಿಡುವ ಕಾಯಿಲೆ

ಇದು ಈ ಕ್ಷೇತ್ರದ ದೊಡ್ಡ ತೊಂದರೆ. ಮಾನಸಿಕ ಆರೋಗ್ಯದ ಜನಪ್ರಿಯ ಆ್ಯಪ್‌ಗಳ ನಿಜವಾದ ಬಳಕೆಯನ್ನು ಲೆಕ್ಕ ಹಾಕಿದ, 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಹದಿನೈದನೆಯ ದಿನಕ್ಕೆ ಆ್ಯಪ್ ತೆರೆಯುತ್ತಿದ್ದವರು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ ಶೇ 3.9 ಮಾತ್ರ. ಮೂವತ್ತನೆಯ ದಿನಕ್ಕೆ ಶೇ 3.3. ಆರು ವಾರದ ಪಾಠಕ್ಕೆ ಎರಡನೆಯ ವಾರದಲ್ಲೇ ತರಗತಿ ಖಾಲಿ.

ಹಾಗಾದರೆ ಸಂಶೋಧನೆಗಳಲ್ಲಿ ಫಲ ಕಂಡದ್ದು ಹೇಗೆ? ಉತ್ತರ ಪಾಠದೊಳಗಿಲ್ಲ, ಅದರ ಪಕ್ಕದಲ್ಲಿದೆ. ಸ್ವೀಡನ್ನಿನ ಗೆರ್ಹಾರ್ಡ್ ಆಂಡರ್‌ಸನ್ ಮತ್ತಿತರರು ಎರಡು ದಶಕಗಳಿಂದ ನಡೆಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಸಂಗತಿ ಒಂದೇ: ಯಾರಾದರೂ ವಾರಕ್ಕೊಮ್ಮೆ ವಿಚಾರಿಸುವ ವ್ಯವಸ್ಥೆ ಇದ್ದರೆ ಕೋರ್ಸ್ ಪೂರ್ತಿ ಮಾಡುವವರು ಹೆಚ್ಚು, ಫಲವೂ ಹೆಚ್ಚು. ಹಾಗೆ ಮಾರ್ಗದರ್ಶನವಿದ್ದ ಕೋರ್ಸ್‌ಗಳು ಆತಂಕ, ಖಿನ್ನತೆಗಳಲ್ಲಿ ಎದುರು ಕುಳಿತು ಪಡೆಯುವ ಚಿಕಿತ್ಸೆಗೆ ಹತ್ತಿರಹತ್ತಿರ ನಿಲ್ಲುತ್ತವೆ. ಯಾರೂ ಕೇಳದ ಕೋರ್ಸ್‌ಗಳಿಂದ ಸ್ವಲ್ಪ ಲಾಭವಿದೆ, ಸ್ವಲ್ಪವೇ. ವಿಚಾರಿಸುವುದೆಂದರೆ ಗಂಟೆಗಟ್ಟಲೆ ಸಮಾಲೋಚನೆಯಲ್ಲ, ವಾರಕ್ಕೆ ಹತ್ತು ಹದಿನೈದು ನಿಮಿಷದ ಸಂದೇಶ ಅಥವಾ ಫೋನು.

ಕೇಳುವವರು ಮನೋವೈದ್ಯರೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒತ್ತಡ ನಿರ್ವಹಣೆಗೆ ರೂಪಿಸಿದ ಐದು ಪಾಠಗಳನ್ನು ಉಗಾಂಡದ ಶಿಬಿರದಲ್ಲಿದ್ದ ದಕ್ಷಿಣ ಸುಡಾನಿನ ನಿರಾಶ್ರಿತ ಮಹಿಳೆಯರ ನಡುವೆ ಪರೀಕ್ಷಿಸಿದಾಗ, ಧ್ವನಿಮುದ್ರಿತ ಪಾಠವನ್ನು ಗುಂಪುಗಳಲ್ಲಿ ನಡೆಸಿಕೊಟ್ಟವರು ಅಲ್ಪಾವಧಿ ತರಬೇತಿ ಪಡೆದ ಸಾಮಾನ್ಯ ಜನ. ಸುಮಾರು 700 ಮಹಿಳೆಯರು ಭಾಗವಹಿಸಿದ್ದ ಆ ಪ್ರಯೋಗದಲ್ಲಿ, ಮೂರು ತಿಂಗಳ ಬಳಿಕ ಪಾಠ ಕೇಳಿದವರ ಸಂಕಟ ಉಳಿದವರಿಗಿಂತ ಕಡಿಮೆ ಇತ್ತು ಎಂದು 2020ರಲ್ಲಿ ವರದಿಯಾಯಿತು. ಅದೇ ಪಾಠಗಳನ್ನು ಸಂಸ್ಥೆ ಚಿತ್ರಸಹಿತ ಕೈಪಿಡಿಯಾಗಿ, ಧ್ವನಿ ಕಡತಗಳೊಂದಿಗೆ ಉಚಿತವಾಗಿ ಕೊಟ್ಟಿದೆ.

ನಮ್ಮ ಜಿಲ್ಲೆಯಲ್ಲಿ ಆ ಕೆಲಸ ಯಾರು ಮಾಡಬಹುದು? ಆಶಾ ಕಾರ್ಯಕರ್ತೆ, ಕಾಲೇಜಿನ ಒಬ್ಬ ಉಪನ್ಯಾಸಕಿ, ಸ್ತ್ರೀಶಕ್ತಿ ಸಂಘದಲ್ಲಿ ಮಾತು ಹೊರಗೆ ಹಾಕದ ಒಬ್ಬ ಅಕ್ಕ. ಗಂಡ ಹೆಂಡತಿ ಪರಸ್ಪರ ಮಾಡದಿರುವುದೇ ಲೇಸು. ತಲೆಬಿಸಿಯ ಕಾರಣ ಎಷ್ಟೋ ಸಲ ಎದುರಿಗೇ ಕುಳಿತಿರುತ್ತದೆ. ‘ಮುಗಿಸಿದೆಯಾ?’ ಎಂದು ಮೇಷ್ಟ್ರಂತೆ ಕೇಳಿದರೆ ಜನ ಸುಳ್ಳು ಹೇಳುತ್ತಾರೆ. ‘ಯಾವುದು ಕಷ್ಟವಾಯಿತು?’ ಎಂದು ಕೇಳಬೇಕು. ಸಲಹೆ ಕೊಡುವುದು ಬೇಡ.

ಚಾಟ್‌ಬಾಟ್‌ಗಳು ಈ ಜಾಗ ತುಂಬುತ್ತೇವೆ ಎನ್ನುತ್ತಿವೆ. ಬೆಂಗಳೂರಿನಲ್ಲೇ ಹುಟ್ಟಿದ ವೈಸಾ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ರಾತ್ರಿ ಎರಡಕ್ಕೂ ಉತ್ತರಿಸುತ್ತದೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಕಂಪನಿಗಳು ಮುಚ್ಚುತ್ತವೆ. ಅಮೆರಿಕದ ಹೆಸರಾಂತ ವೋಬಾಟ್ ತನ್ನ ಆ್ಯಪನ್ನು 2025ರ ಜೂನ್‌ನಲ್ಲಿ ನಿಲ್ಲಿಸಿತು. ಗುಟ್ಟು ಕಾಯುವ ಪ್ರಶ್ನೆಯೂ ಇದೆ. ಆನ್‌ಲೈನ್ ಸಮಾಲೋಚನೆಯ ಬೆಟರ್‌ಹೆಲ್ಪ್ ಕಂಪನಿ ಗ್ರಾಹಕರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವರಿಗೆ ಕೊಟ್ಟಿತೆಂಬ ಆರೋಪದ ಮೇಲೆ 2023ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 78 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ನಮ್ಮ ಮನೆಗಳಲ್ಲಿ ಅದಕ್ಕಿಂತ ಹತ್ತಿರದ ಅಪಾಯವೆಂದರೆ ಒಂದೇ ಮೊಬೈಲನ್ನು ಮೂವರು ಬಳಸುವುದು. ‘ಇಂದು ನಿಮ್ಮ ಮನಸ್ಸು ಹೇಗಿದೆ?’ ಎಂಬ ಸೂಚನೆ ಅತ್ತೆಯ ಕೈಯಲ್ಲಿರುವಾಗ ಪರದೆಯ ಮೇಲೆ ಬಂದರೆ ಹೊಸ ತಲೆಬಿಸಿ. ಸೂಚನೆಗಳನ್ನು ಮೊದಲ ದಿನವೇ ಬಂದ್ ಮಾಡಿ, ಹಾಳೆಯನ್ನು ಪುಸ್ತಕದಲ್ಲಿ ಬರೆಯಿರಿ.

ಕೋರ್ಸ್ ಸಾಲದ ಕಡೆ

ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಅನೇಕ ಕೋರ್ಸ್‌ಗಳ ಬಾಗಿಲಲ್ಲೇ ಸಿಗುತ್ತದೆ. ಒಟ್ಟು 27 ಅಂಕಗಳಲ್ಲಿ 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದ್ದು. ಅದಕ್ಕೆ ‘ಇಲ್ಲವೇ ಇಲ್ಲ’ ಎಂಬುದನ್ನು ಬಿಟ್ಟು ಬೇರೆ ಯಾವ ಉತ್ತರವಿದ್ದರೂ ಉಳಿದ ಅಂಕ ಎಷ್ಟೇ ಇರಲಿ, ಕೋರ್ಸ್ ಬದಿಗಿಟ್ಟು 14416ಕ್ಕೆ ಫೋನ್ ಮಾಡಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಇದೆ, ಕನ್ನಡದಲ್ಲಿ ಮಾತನಾಡಬಹುದು. ಇಲ್ಲದ ಧ್ವನಿಗಳು ಕೇಳಿಸುವುದು, ಕುಡಿತ ಬಿಡಲಾಗದಿರುವುದು, ಹೆರಿಗೆಯ ನಂತರ ಮಗುವಿನ ಮೇಲೆ ಮನಸ್ಸೇ ಹೋಗದಿರುವುದು, ಇವಕ್ಕೂ ಮೊಬೈಲ್ ಪಾಠ ಔಷಧವಲ್ಲ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಂಸ್ಥೆ ಡಿಮ್ಹಾನ್ಸ್ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಯಾವ ವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಒಂದು ಓಡಾಟ ತಪ್ಪುತ್ತದೆ.

ಶುರು ಮಾಡುವುದಾದರೆ ಯಾವಾಗ? ಯಾಂತ್ರೀಕೃತ ದೋಣಿಗಳಲ್ಲಿ ದುಡಿಯುವವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಿಗಿಂತ ಬೇರೆ ಸಮಯ ಸಿಗಲಾರದು. ದೋಣಿ ದಡದಲ್ಲಿ, ಸಂಪಾದನೆ ಇಲ್ಲ, ಸಾಲದ ಯೋಚನೆ ಬೆಳೆಯುವುದೂ ಆಗಲೇ. ಎಂಟು ಪಾಠಗಳ ಕೋರ್ಸ್ ಆ ಎರಡು ತಿಂಗಳಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಆ ಮಳೆಗಾಲದಲ್ಲೇ ಕರೆಂಟು ಹೋಗುತ್ತದೆ, ಟವರ್ ಸತ್ತಿರುತ್ತದೆ. ಆದ್ದರಿಂದ ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ಕೇಳಬಹುದಾದ ಧ್ವನಿ ಪಾಠಗಳಿರುವ ಕೋರ್ಸನ್ನೇ ಆರಿಸಿ, ಮೇ ತಿಂಗಳಲ್ಲೇ ಮೊಬೈಲಿಗೆ ಇಳಿಸಿಟ್ಟುಕೊಳ್ಳಬೇಕು.